ಬುಷ್‌ಗೆ ಹಚ್ಚಿದ ಉಗುರುಬಣ್ಣ

"ನನ್ನ ಕಣ್ಣಿಗೆ ಮಣ್ಣೆರಚೋ ಮಗ ಇನ್ನೂ ಹುಟ್ಟಿಲ್ಲ!" ಎಂದು ಶುಕ್ರವಾರ ಬೆಳಿಗ್ಗೆ ಸೀಲಪ್ಪ ಅರ್ಧ ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡೇ ಕನ್ನಡಿಗೆ ಘೋಷಿಸಿದ. ಕನ್ನಡಿ ಎದುರಾಡಲಿಲ್ಲ.

ಸೀಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಸಿಮೆಂಟ್ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಬಂದ ಮೂಟೆಗೂ ಹೋದ ಮೂಟೆಗೂ ಗುರುತು ಹಾಕಿ ಹಾಕಿ ಹಮಾಲರಿಂದ ಸಂಪಾದಿಸಿದ ಬಿರುದು. ಆ ಚಟ ಮನೆಗೂ ಹೊಕ್ಕಿತ್ತು. ಸಕ್ಕರೆ ಡಬ್ಬಿಗೆ ಪೆನ್ಸಿಲ್ ಗೆರೆ, ಪೇಸ್ಟಿನ ಟ್ಯೂಬಿಗೆ ಗೆರೆ, ಚಪ್ಪಲಿಯ ಅಟ್ಟೆಗೆ ಸಹಿ!

ಈಗಿನ ಸಂಗತಿ ಕಾರಿನದು. ಸೋಮವಾರ ಹತ್ತು ಗಂಟೆಗೆ ಅವನ ಹೆಂಡತಿಗೆ ಬಡ್ತಿ ಪರೀಕ್ಷೆ, ನಲವತ್ತು ಕಿಲೋಮೀಟರ್ ಆಚೆ. ಹಿಂದೆ ಎರಡು ಸಲ ತಪ್ಪಿಹೋಗಿತ್ತು. ವಯಸ್ಸಿನ ಮಿತಿ ನೋಡಿದರೆ ಇದೇ ಕೊನೆ. ಮನೆಯ ಹಳೇ ಕಾರೋ, ಗುಂಡಿ ಕಂಡರೆ ಸಾಕು, ಮುದುಕನ ಮಂಡಿಯಂತೆ ಕಟಕಟ. ಗ್ಯಾರೇಜ್ ಇಟ್ಟಿದ್ದ ಹೆಂಡತಿಯ ತಮ್ಮ ಕಾರನ್ನು ಎರಡು ಸಲ ಅಲ್ಲಾಡಿಸಿ ತೀರ್ಪು ಕೊಟ್ಟಿದ್ದ.

"ಬುಷ್ ಸತ್ತಿವೆ ಭಾವ. ಚಕ್ರ ಹಿಡಿದಿರೋ ತೋಳಿನ ಕೀಲಲ್ಲಿ ಕೂರ್ತವಲ್ಲ, ಆ ರಬ್ಬರ್ ಬಳೆಗಳು. ಮತ್ತೆ ರಬ್ಬರ್ ಬೇಡ, ಪಾಲಿಯುರೆಥೇನ್ ಹಾಕಿಬಿಡೋಣ. ಗಟ್ಟಿ ಮಾಲು."

ಕಣ್ಣಿಗೆ ಕಾಣದ ಜಾಗ, ನಾಲಿಗೆ ಹೊರಳದ ಹೆಸರು! ಸೀಲಪ್ಪನ ಮೂಗು ಅರಳಿತು.

"ಹಳೇದನ್ನೇ ಒರೆಸಿ ಹಾಕಿ, ಹೊಸದು ಅಂದ್ರೆ?"

"ಅವನು ನನ್ನ ತಮ್ಮ ಕಣ್ರೀ," ಎಂದಳು ಹೆಂಡತಿ, ಪುಸ್ತಕದಿಂದ ತಲೆಯೆತ್ತದೆ.

"ಅದಕ್ಕೇ ಅನುಮಾನ. ಹೊರಗಿನವನಾದ್ರೆ ಬಾಯಿಬಿಟ್ಟು ಕೇಳ್ಬಹುದಿತ್ತು."

ಅವಳು ಸ್ನಾನಕ್ಕೆ ಹೋದದ್ದೇ ತಡ, ಸೀಲಪ್ಪ ಅವಳ ಉಗುರುಬಣ್ಣದ ಶೀಷೆ ಎತ್ತಿಕೊಂಡು, ಗೋಣಿತಾಟು ಹಾಸಿ ಕಾರಿನಡಿಗೆ ತೆವಳಿದ. ಯಾವುದು ಬುಷ್ ಎಂದು ಯಾರನ್ನಾದರೂ ಕೇಳುವುದೆ? ಕೇಳಿದರೆ ಕಳ್ಳನಿಗೆ ಸುಳಿವು ಸಿಗುವುದಿಲ್ಲವೆ! ಕಣ್ಣಾಡಿಸಿದ. ನಾಲ್ಕು ಕಡೆ ಕರಿ ರಬ್ಬರ್ ಬಳೆಗಳು ಕಂಡವು. ಒಂದೊಂದಕ್ಕೂ ಕೆಂಪು ಚುಕ್ಕೆ ಇಟ್ಟು, ಶೀಷೆಯನ್ನು ಕಾರಿನ ಡ್ಯಾಶ್‌ಬೋರ್ಡಿನ ಗೂಡಿನೊಳಗೆ ಅಡಗಿಸಿ, ಗಡಿ ಕಾದು ಬಂದ ಯೋಧನಂತೆ ಒಳಗೆ ಬಂದ.

"ಬೆರಳಿಗೆ ಕೆಂಪು ಯಾಕ್ರೀ? ನನ್ನ ಶೀಷೆನೂ ಕಾಣ್ತಿಲ್ಲ. ಯಾರ ಉಗುರಿಗೆ ಹಚ್ಚಿ ಬಂದ್ರಿ?"

"ಕಾರಿಗೆ!"

"ಸುಳ್ಳಾದ್ರೂ ನೆಟ್ಟಗೆ ಹೇಳೋದು ಕಲೀರಿ."

ಅಂದೇ ಗ್ಯಾರೇಜಿಗೆ ಹೋದ ಕಾರು ಶನಿವಾರ ಸಂಜೆ ವಾಪಸ್ ಬಂತು. ಜೊತೆಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಿರುಕುಬಿಟ್ಟ ಹಳೇ ಬುಷ್‌ಗಳು. "ನೀವು ಕೇಳ್ತೀರ ಅಂತ ಗೊತ್ತಿತ್ತು ಭಾವ, ನಾನೇ ತಂದೆ," ಎಂದು ಮೈದುನ ನಕ್ಕು ಹೋದ. ಸೀಲಪ್ಪ ಒಂದೊಂದನ್ನೂ ದೀಪಕ್ಕೆ ಹಿಡಿದು ತಿರುಗಿಸಿದ. ಒಂದರಲ್ಲೂ ಕೆಂಪಿಲ್ಲ! ಕಾರನ್ನು ಬೀದಿಯ ಕೊನೆಯವರೆಗೆ ಓಡಿಸಿ ನೋಡಿದ. ಸದ್ದಿಲ್ಲ. ಹಳೇ ಬುಷ್ ಒಳಗೇ ಇದ್ದೂ ಸದ್ದಿಲ್ಲವೆಂದರೆ? ಏನೋ ಚಿಂದಿ ತುರುಕಿದ್ದಾನೆ!

ಭಾನುವಾರ ಮತ್ತೆ ಗೋಣಿತಾಟು. ಕಾರಿನಡಿಯಲ್ಲಿ ಅವನ ನಾಲ್ಕು ಕೆಂಪು ಚುಕ್ಕೆಗಳೂ ಇಟ್ಟಲ್ಲೇ ಕೂತು ಅವನನ್ನೇ ನೋಡುತ್ತಿದ್ದವು. "ಸಿಕ್ಕಿಬಿದ್ದೆ ಮಗನೆ!" ಸಾಕ್ಷಿ ಬೇಕಲ್ಲ? ಹಿಂದಿನ ಎರಡು ಬಳೆಗಳನ್ನು ಕತ್ತರಿಸಿ ಜೇಬಿಗಿಳಿಸಿದ.

ಸೋಮವಾರ ಎಂಟಕ್ಕೆ ಹೊರಟರು. ಹೆಂಡತಿಯ ತೊಡೆಯ ಮೇಲೆ ಪ್ರವೇಶ ಪತ್ರ, ತುಟಿಯ ಮೇಲೆ ನಿಯಮ ಉಪನಿಯಮಗಳ ಜಪ. ಮೊದಲ ಉಬ್ಬಿಗೇ ಹಿಂದಿನಿಂದ ಢಣ್!

"ಕೇಳಿಸ್ತಾ? ನಿನ್ನ ತಮ್ಮನ ಪಾಲಿ ಕೂಗ್ತಿದೆ! ಗ್ಯಾರೇಜ್ ದಾರೀಲೇ ಇದೆ. ಎರಡೇ ನಿಮಿಷ, ಬಣ್ಣ ಬಯಲು ಮಾಡ್ತೀನಿ."

"ಪರೀಕ್ಷೆ ರೀ!"

"ನ್ಯಾಯ ಮೊದಲು!"

ಗ್ಯಾರೇಜಿನ ಹೊಸ್ತಿಲು ಹತ್ತಿದ್ದೇ, ಭಾರೀ ಪಾತ್ರೆಗಳ ಕಪಾಟು ಬಿದ್ದಂತೆ ಸದ್ದಾಯಿತು. ಡ್ಯಾಶ್‌ಬೋರ್ಡಿನ ಗೂಡು ಬಾಯಿಬಿಟ್ಟು ಉಗುರುಬಣ್ಣದ ಶೀಷೆ ಹೆಂಡತಿಯ ಮಡಿಲಿಗೆ ಉರುಳಿತು. ಸೀಲಪ್ಪ ಯಾವುದನ್ನೂ ಲೆಕ್ಕಿಸದೆ ಇಳಿದು, ಕಾದು ನಿಂತಿದ್ದ ಗಿರಾಕಿಗಳ ಮುಂದೆ ಜೇಬಿನ ಬಳೆಗಳನ್ನೆತ್ತಿ ಹಿಡಿದ.

"ನೋಡ್ರಪ್ಪ! ಬದಲಾಯಿಸ್ದೆ ಅಂದ ಬುಷ್! ನನ್ನ ಗುರುತು ಹಾಗೇ ಇದೆ!"

ಮೈದುನ ಬಳೆ ನೋಡಿದ, ಭಾವನನ್ನು ನೋಡಿದ, ಬಗ್ಗಿ ಕಾರಿನಡಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಭಾವ, ಇದನ್ನ ನೀವೇ ಕತ್ತರಿಸಿದ್ರಾ?"

"ನಾನೇ! ಹೆದರಿಕೆ ಆಯ್ತಾ?"

"ಬಗ್ಗಿ. ಚಕ್ರದ ಹಿಂದೆ ಹಳದಿಯಾಗಿ ಕಾಣ್ತಿದೆಯಲ್ಲ, ಅದು ಬುಷ್. ಹೊಸದು. ನಿಮ್ಮ ಕೈಲಿರೋದು ಸೈಲೆನ್ಸರ್ ನೇತುಹಾಕೋ ರಬ್ಬರು. ಸೈಲೆನ್ಸರ್ ಅಗೋ, ಹೊಸ್ತಿಲ ಮೇಲೆ ಮಲಗಿದೆ. ಶನಿವಾರಾನೇ ಕೆಂಪು ನೋಡ್ದೆ, ಯಾವನಪ್ಪಾ ಸೈಲೆನ್ಸರ್‌ಗೆ ಸಿಂಗಾರ ಮಾಡಿದೋನು ಅಂದ್ಕೊಂಡೆ."

ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೀಲಪ್ಪನ ಕೈ ತಾನಾಗಿ ಕೆಳಗಿಳಿಯಿತು.

"ಪೈಪು ಮುರಿದಿದೆ, ವೆಲ್ಡಿಂಗ್ ಆಗ್ಬೇಕು, ಎರಡು ಗಂಟೆ ಕೆಲಸ. ಅಕ್ಕ, ನನ್ನ ಬೈಕ್ ಹತ್ತು. ಭಾವ, ನಾನು ಬರೋತನಕ ಗ್ಯಾರೇಜ್ ನೋಡ್ಕೊಳ್ಳಿ. ದಯವಿಟ್ಟು ಯಾವುದಕ್ಕೂ ಗುರುತು ಹಾಕ್ಬೇಡಿ."

ಹೆಂಡತಿ ಬೈಕಿನತ್ತ ಹೋದವಳು ತಿರುಗಿ ಬಂದಳು. ಶೀಷೆಯ ಮುಚ್ಚಳ ತಿರುವಿ, ಗಂಡನ ಮೂಗಿನ ತುದಿಗೆ ಒಂದು ಕೆಂಪು ಚುಕ್ಕೆ ಇಟ್ಟಳು.

"ಗುರುತು ಹಾಕಿದ್ದೀನಿ ಕಣೋ," ಎಂದಳು ತಮ್ಮನಿಗೆ. "ಸಂಜೆ ನಾನು ಬರೋ ಹೊತ್ತಿಗೆ ಬದಲಾಯಿಸಿರ್ಬೇಕು."

ಸೀಲಪ್ಪ ಸೀಮೆಎಣ್ಣೆಯಲ್ಲಿ ಉಜ್ಜಿದ, ಸೋಪಿನಲ್ಲಿ ತಿಕ್ಕಿದ. ಚುಕ್ಕೆ ಹೋಗಲಿಲ್ಲ, ಮೂಗೇ ಅದರ ಬಣ್ಣಕ್ಕೆ ತಿರುಗಿತು. ಬಂದ ಗಿರಾಕಿಗಳೆಲ್ಲ ಮೂಗು ನೋಡಿಯೇ ಮಾತಾಡಿದರು.

ಅಕ್ಕನನ್ನು ಬಿಟ್ಟು ಬಂದು ಪೈಪು ಬೆಸೆದಿದ್ದ ಮೈದುನ ಸಂಜೆ ಮತ್ತೆ ಹೋಗಿ ಅವಳನ್ನು ಬೈಕಿನಲ್ಲಿ ಕರೆತಂದ. ಪರೀಕ್ಷೆ ಚೆನ್ನಾಗಾಗಿದೆ ಎಂಬುದು ಅವಳು ಇಳಿದ ಠೀವಿಯಲ್ಲೇ ಗೊತ್ತಾಗುತ್ತಿತ್ತು. ಅವಳು ನೇರ ಬಂದು ಗಂಡನ ಮುಖ ಎತ್ತಿ, ಬೆಳಕಿಗೆ ಹಿಡಿದು ನೋಡಿದಳು.

"ಲೋ, ಹಳೇದನ್ನೇ ಇಟ್ಟಿದ್ದೀಯಲ್ಲೋ!"

"ಏನ್ಮಾಡ್ಲಕ್ಕ," ಎಂದ ಮೈದುನ ಬೈಕಿಗೆ ಸ್ಟ್ಯಾಂಡ್ ಹಾಕುತ್ತ, "ಈ ಮಾಡೆಲ್‌ಗೆ ಸ್ಪೇರ್ ಬರೋದು ನಿಂತುಹೋಗಿದೆ."