ಜೋಮ್ಸೋಮಿನ ಗಾಳಿ, ವಾಡಿಯ ಬೆವರು

ಪ್ರಯಾಣಕ್ಕೆ ಹೋದವರಿಗಿಂತ ಮನೆಯಲ್ಲಿ ಉಳಿದವರಿಗೇ ಆಯಾಸ ಹೆಚ್ಚು. ಹೋದವರು ಊಟ ಬಂದಾಗ ಉಂಡು, ನಿದ್ದೆ ಬಂದಾಗ ಮಲಗಿ ಆರಾಮವಾಗಿರುತ್ತಾರೆ. ಉಳಿದವರು ಕೂತಲ್ಲೇ ಅವರ ಬಸ್ಸು ಓಡಿಸಬೇಕು, ರೈಲು ಹಿಡಿಸಬೇಕು. ನಾನಂತೂ ವಿಮಾನವನ್ನೇ ಇಳಿಸಬೇಕಾಯಿತು.

ನನ್ನ ಹೆಂಡತಿ ಶಾಂತಾ ಸುಲೇಪೇಟದ ಯಾತ್ರಾ ತಂಡದ ಜೊತೆ ನೇಪಾಳಕ್ಕೆ ಹೋದಳು. ಸಿಮೆಂಟ್ ಕಾರ್ಖಾನೆಯ ಸ್ಟೋರಿನಲ್ಲಿ ನನಗೆ ರಜೆ ಸಿಗಲಿಲ್ಲವೆಂದು ನಮ್ಮೂರು ವಾಡಿಯಲ್ಲಿ ಎಲ್ಲರಿಗೂ ಹೇಳಿದೆ. ನಿಜವೆಂದರೆ ನನಗೆ ವಿಮಾನದ ಭಯ. ಮುಕ್ತಿನಾಥಕ್ಕೆ ಹೋಗುವವರು ಜೋಮ್ಸೋಮ್ ಎಂಬ ಬೆಟ್ಟದೂರಿಗೆ ಪುಟ್ಟ ವಿಮಾನದಲ್ಲಿ ಹೋಗಿ ಬರುತ್ತಾರೆ. ಎರಡು ಭಾರಿ ಪರ್ವತಗಳ ಸಂದಿಯ ಊರು. ಹೊತ್ತೇರಿದಂತೆ ಅಲ್ಲಿ ಎಂಥ ಗಾಳಿ ಏಳುತ್ತದೆಂದರೆ, ಬೆಳಗಿನ ಹೊತ್ತು ಬಿಟ್ಟರೆ ವಿಮಾನ ಹಾರುವುದೇ ಇಲ್ಲವಂತೆ. ಇದನ್ನು ಓದಿದ ಮೇಲೆ ನನಗೆ ರೊಟ್ಟಿ ಇಳಿಯಲಿಲ್ಲ. ಹುಡುಕುತ್ತಾ ಹೋದರೆ ಪೈಲಟ್‌ಗಳು ನೋಡುವ ಹವಾ ವರದಿಯೇ ಫೋನಿನಲ್ಲಿ ಸಿಕ್ಕಿತು! ಒಂದೇ ಸಾಲು, ಬರೀ ಇಂಗ್ಲಿಷ್ ಅಕ್ಷರ ಮತ್ತು ಅಂಕಿ. ಹಲ್ಲುಜ್ಜುತ್ತಾ ಓದಿದೆ, ಸ್ಟೋರಿನಲ್ಲಿ ಬೋಲ್ಟು ಎಣಿಸುತ್ತಾ ಓದಿದೆ. ನಮ್ಮ ಓಣಿಯ ಟೇಲರ್ ಖಲೀಲ್ ಭಾಯಿಗೂ ಈ ಹುಚ್ಚು ಹತ್ತಿಸಿದೆ. ಮ್ಯಾಚಿನ ಸ್ಕೋರು ನೋಡುವವರ ಹಾಗೆ ಅವರ ಅಂಗಡಿಯಲ್ಲಿ ಇಬ್ಬರೂ ಒಂದೇ ಫೋನಿಗೆ ತಲೆ ಹಾಕಿ ಕೂರತೊಡಗಿದೆವು.

ಯಾತ್ರೆಯವರು ಬೆಟ್ಟ ಇಳಿಯುವ ದಿನ ಬೆಳಿಗ್ಗೆ ವರದಿ ತೆರೆದರೆ, ಅದುವರೆಗೆ ನಲವತ್ತರ ಆಸುಪಾಸಿನಲ್ಲೇ ಇದ್ದ ಗಾಳಿಯ ಜಾಗದಲ್ಲಿ ಇನ್ನೂರ ಇಪ್ಪತ್ತು! ಖಲೀಲ್ ಭಾಯಿ ಕತ್ತರಿ ಕೆಳಗಿಟ್ಟರು. ನಾನು ಫೋನು ಹಚ್ಚಿದೆ.

"ಶಾಂತಾ, ವಿಮಾನ ಹತ್ತಬ್ಯಾಡ. ಅಲ್ಲಿ ಇನ್ನೂರ ಇಪ್ಪತ್ತರ ಗಾಳಿ ಅದ."

"ನಾ ಅದೇ ಗಾಳ್ಯಾಗ ನಿಂತೀನ್ರಿ," ಎಂದಳು. "ಸೆರಗು ಹಾರ್ಲಿಕತ್ತದ, ಅಷ್ಟೇ. ಇನ್ನೂರ ಇಪ್ಪತ್ತು ಇದ್ರ ನಾನೇ ಹಾರಿ ವಾಡಿಗಿ ಬರ್ತಿದ್ದೆ."

ಆದರೆ ಅವಳ ಫೋನು ಸ್ಪೀಕರಿನಲ್ಲಿತ್ತು. ತಂಡದ ಹಿರಿಯರಾದ ಸುಲೇಪೇಟದ ನಿವೃತ್ತ ಹೆಡ್‌ಮಾಸ್ತರರು ನನ್ನ ಮಾತು ಕೇಳಿಸಿಕೊಂಡು, ಪತ್ನಿಯನ್ನೂ ಇನ್ನೂ ಕೆಲವರನ್ನೂ ಕರೆದುಕೊಂಡು ಜೀಪಿನಲ್ಲಿ ಹೊರಟೇಬಿಟ್ಟರು. ಶಾಂತಾ ಮಾತ್ರ ವಿಮಾನವೇ ಎಂದಳು.

ಫೋನಿಟ್ಟು ಪುಟವನ್ನು ಕೆಳಕ್ಕೆ ಸರಿಸಿದೆ. ಅಲ್ಲಿ ವಿವರಣೆ ಇತ್ತು. ಮೊದಲ ಮೂರು ಅಂಕಿ ಗಾಳಿ ಬರುವ ದಿಕ್ಕಂತೆ. ವೇಗ ಅದರ ಮುಂದಿನ ಎರಡು ಅಂಕಿ. ಇನ್ನೂರ ಇಪ್ಪತ್ತೆಂದರೆ ನೈರುತ್ಯದ ಗಾಳಿ ಎಂದಷ್ಟೇ ಅರ್ಥ. ವೇಗ ಬರೀ ಹನ್ನೆರಡು. ನನ್ನ ಮುಖ ಬೆವರಿತು. ಮತ್ತೆ ಹಚ್ಚಿದರೆ ಅವಳ ಫೋನು ಬಂದ್. ಅಷ್ಟರಲ್ಲಿ ಹೊಸ ವರದಿ ಬಂತು. ಈಗ ಸರಿಯಾಗಿ ಓದಲು ಬರುತ್ತಿತ್ತಲ್ಲ, ಅದೇ ಕಷ್ಟವಾಯಿತು. ವೇಗ ಇಪ್ಪತ್ತೈದು, ಪಕ್ಕದಲ್ಲಿ ಜಿ ಎಂಬ ಅಕ್ಷರ, ಅದರ ಮುಂದೆ ನಲವತ್ತು. ಜಿ ಎಂದರೆ ಇದ್ದಕ್ಕಿದ್ದಂತೆ ಬಂದು ಹೊಡೆಯುವ ಗಾಳಿ. ಶಾಂತಾ ಆಕಾಶದಲ್ಲಿದ್ದಳು. ಖಲೀಲ್ ಭಾಯಿ ತುಟಿಯಲ್ಲೇ ದುವಾ ಹೇಳತೊಡಗಿದರು. ನಾನು ಕೊರಳಿನ ಲಿಂಗ ಹಿಡಿದುಕೊಂಡೆ. ಬ್ಲೌಸು ಕೇಳಲು ಬಂದ ಹೆಣ್ಣುಮಗಳೂ ವಿಷಯ ತಿಳಿದು ಅಲ್ಲೇ ಕೂತಳು.

ಫೋನು ರಿಂಗಾಯಿತು.

"ಇಳದೀವ್ರಿ," ಎಂದಳು ಶಾಂತಾ. "ಚಿಂಚೋಳಿ ಬಸ್ಸಿನಂಗ ಕುಣೀತು. ಬೆಟ್ಟ ಕಿಟಕ್ಯಾಗೇ ಬಂದಿತ್ತು. ಭಾಳ ಮಜಾ ಬಂತು."

ಖಲೀಲ್ ಭಾಯಿ ಇಡೀ ಸಾಲಿನ ಅಂಗಡಿಗಳಿಗೆ ಚಹಾ ಹೇಳಿದರು.

ಜೀಪಿನವರು ದಿನವಿಡೀ ಹಾಳು ರಸ್ತೆಯಲ್ಲಿ ಕುಲುಕಿ, ಸೊಂಟ ಹಿಡಿದುಕೊಂಡು ಬಂದು ಸೇರಿದರೆಂದು ಆಮೇಲೆ ತಿಳಿಯಿತು. ತಂಡ ಊರಿಗೆ ಮರಳುವ ದಿನ ಕ್ಷಮೆ ಕೇಳುವ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಸ್ಟೇಷನ್ನಿಗೆ ಹೋದೆ. ಹೆಡ್‌ಮಾಸ್ತರರು ನರಳುತ್ತಾ ಬೋಗಿಯಿಂದಿಳಿದು ನೇರ ನನ್ನ ಕಡೆಗೇ ಬಂದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ನಾವು ಹೊಂಟ ಮ್ಯಾಲೆ ಅಲ್ಲಿ ಎಂಥಾ ಗಾಳಿ ಬಿಟ್ಟಿತಂತ ನೋಡ್ರಿ. ನೀವು ಮೊದ್ಲೇ ಹೇಳಿದ್ರಿ. ನಮ್ಮ ಜೀವಾ ಉಳಿಸಿದ್ರಿ."

ಚೀಲದಿಂದ ನೇಪಾಳದ ಶಾಲು ತೆಗೆದು ಪ್ಲಾಟ್‌ಫಾರ್ಮಿನಲ್ಲೇ ಹೊದಿಸಿದರು. ಜೀಪಿನವರೆಲ್ಲ ಚಪ್ಪಾಳೆ ತಟ್ಟಿದರು. ನಿಜ ಹೇಳಲು ಬಾಯಿ ತೆರೆದೆ; ಶಾಲು ಬಹಳ ಬೆಚ್ಚಗಿತ್ತು. ಮುಂದಿನ ವಾರ ತಮ್ಮೂರ ಶಾಲೆಯಲ್ಲಿ ಹವಾಮಾನದ ಬಗ್ಗೆ ಭಾಷಣ ಮಾಡಬೇಕೆಂದು ಕೇಳಿದರು. ಆಗಲಿ ಎಂದೆ.

ಶಾಂತಾ ಆಟೋದಲ್ಲಿ ದಾರಿಯುದ್ದಕ್ಕೂ ನನ್ನ ಶಾಲಿನ ಅಂಚು ಮುಟ್ಟಿ ಮುಟ್ಟಿ ನೋಡಿದಳು. ಬಾಗಿಲ ಬೀಗ ತೆಗೆಯುವಾಗ ಹೇಳಿದಳು: "ಭಾಷಣಕ್ಕ ನಾನೂ ಬರ್ತೀನ್ರಿ. ಮುಂದಿನ ಕುರ್ಚ್ಯಾಗೇ ಕುಂದರ್ತೀನಿ."

ಹವಾ ವರದಿಯ ಆ ಒಂದು ಸಾಲಿನಲ್ಲಿ ಗಾಳಿಯ ಆಚೆ ನನಗೆ ಓದಲು ಬಾರದ ಇನ್ನೂ ಎಷ್ಟೊಂದು ಅಕ್ಷರಗಳಿವೆ ಎಂಬುದು ನನಗೆ ಅಂದೇ ಕಾಣಿಸಿತು.