ಹೆಸರಿಲ್ಲದ ಚಾಕೊಲೇಟು

ಈ ಅಹಮದಾಬಾದಿನಲ್ಲಿ ಚಾಕೊಲೇಟು ಎಂದು ಮಾರುವ ವಸ್ತು ಚಾಕೊಲೇಟಲ್ಲ, ಕಂದು ಬಣ್ಣ ಬಳಿದುಕೊಂಡ ವನಸ್ಪತಿ ತುಪ್ಪ. ತಿಂದರೆ ಅಂಗುಳಿಗೆ ಮೇಣ ಮೆತ್ತಿದ ಹಾಗಾಗುತ್ತದೆ. ಈ ಅನ್ಯಾಯದ ಬಗ್ಗೆ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಕೆಂಡ ಕಾರಿದೆ. (ನಾನು ಬಟ್ಟೆ ಗಿರಣಿಯ ಗುಮಾಸ್ತ, ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಸಿಟ್ಟಿಗೆ ಡಿಗ್ರಿ ಬೇಕಾಗುವುದಿಲ್ಲ.)

ಲೇಖನ ಓದಿದ ಹೆಂಡತಿ ನಾಗವೇಣಿ, "ಬೈದದ್ದಾಯ್ತು. ಒಳ್ಳೆಯದನ್ನು ಹೊಗಳಿದ್ದು ಎಲ್ಲುಂಟು?" ಎಂದಳು.

"ಒಳ್ಳೆಯದು ಇದ್ದರಲ್ವಾ ಹೊಗಳುವುದು?"

"ಹಾಗಾದ್ರೆ ಮಾಡಿಸಿ ಮಾರಾಯ್ರೆ."

ಹೀಗೆ ಹುಟ್ಟಿತು ಉತ್ಕೃಷ್ಟ ಚಾಕೊಲೇಟು ಪುರಸ್ಕಾರ. ಮುಂಬಯಿ ಬಂದರಿನಲ್ಲಿರುವ ನನ್ನ ಭಾವ ಕಳಿಸಿದ ಕೋಕೋ ಬೀಜವನ್ನು ನಮ್ಮ ಬಡಾವಣೆಯಾದ ಮಣಿನಗರದ ಕನ್ನಡ ಗೃಹಿಣಿಯರಿಗೆ ಸಮವಾಗಿ ಹಂಚಿದೆವು. ತೀರ್ಪುಗಾರ ನಾನೇ.

"ಹೆಂಡತಿ ಸ್ಪರ್ಧೆಯಲ್ಲಿ, ಗಂಡ ತೀರ್ಪಿನಲ್ಲಿ. ಇದು ಹೇಗ್ರೀ ಸರಿ?" ಎಂದರು ಸಂಘದ ಅಧ್ಯಕ್ಷ ವೆಂಕಟಾಚಲ.

"ತಟ್ಟೆಗೆ ಹೆಸರಿರೋದಿಲ್ಲ ಸ್ವಾಮಿ, ನಂಬರು ಮಾತ್ರ" ಎಂದೆ. ನ್ಯಾಯದೇವತೆಯ ಕಣ್ಣಿಗೆ ಸ್ವಂತ ಖರ್ಚಿನಲ್ಲಿ ಬಟ್ಟೆ ಕಟ್ಟಿಸಿದಷ್ಟು ಹೆಮ್ಮೆಯಾಯಿತು.

ಮರುದಿನದಿಂದ ಅಡುಗೆಮನೆ ನನಗೆ ನಿಷಿದ್ಧ ಪ್ರದೇಶ. ಬಾಗಿಲ ಹಿಂದೆ ಬೀಜ ಹುರಿಯುವ ಘಮ, ರುಬ್ಬುಗಲ್ಲಿನ ಗುಡುಗು. ಪಕ್ಕದ ಮನೆಯ ಸಾವಿತ್ರಿಯೂ ನಮ್ಮ ಕಲ್ಲಿನಲ್ಲೇ ಸರದಿಯಲ್ಲಿ ರುಬ್ಬುತ್ತಿದ್ದಳು. ಅವಳ ಕಲ್ಲು ಗಂಡನ ಹೋಟೆಲಿನಲ್ಲಿ ಇಡ್ಲಿ ಹಿಟ್ಟಿನ ಸೇವೆಯಲ್ಲಿತ್ತು. ಮೊದಲ ಸಲ ನಾಗವೇಣಿ ಉದ್ದು ರುಬ್ಬುವ ಅಭ್ಯಾಸದಲ್ಲಿ ನೀರು ಚಿಮುಕಿಸಿಬಿಟ್ಟಳು. ಕೋಕೋ ನೀರನ್ನು ಸಹಿಸುವುದಿಲ್ಲ. ನುಣ್ಣಗಾಗುತ್ತಿದ್ದದ್ದು ಗಕ್ಕನೆ ಬಿಗಿದು ಕೆಸರಾಯಿತು. ಅದನ್ನು ತಿಂದು ಮುಗಿಸುವ ಹೊಣೆ ನನ್ನದಾಯಿತು.

"ಹೇಗುಂಟು?"

"ತಿನ್ನಬಹುದು."

"ಮದುವೆಯಾದಂದಿನಿಂದ ಇದೊಂದೇ ಸರ್ಟಿಫಿಕೇಟು. ಮೃಷ್ಟಾನ್ನಕ್ಕೂ ತಿನ್ನಬಹುದು, ಕೆಸರಿಗೂ ತಿನ್ನಬಹುದು. ಈ ಸಲ ಹೆಸರಿಲ್ಲದೆ ತಿನ್ನುತ್ತೀರಲ್ಲ, ನಿಮ್ಮ ನಾಲಿಗೆ ನನ್ನದಕ್ಕೆ ಎಂತ ಹೇಳ್ತದೆ ನೋಡುವಾ."

ಸ್ಪರ್ಧೆಯ ದಿನ ಮೊದಲೆರಡು ತಟ್ಟೆಗಳಲ್ಲಿ ಸಕ್ಕರೆ ಮರಳಿನಂತೆ ಕರಕರ ಎಂದಿತು. ಮೂರನೆಯದು ಮುರಿದರೆ ಟಕ್ಕೆಂದಿತು. ನಾಲಿಗೆಯ ಮೇಲಿಟ್ಟರೆ ಹಲ್ಲಿಗೆ ಕೆಲಸವಿಲ್ಲದೆ ಕರಗಿತು. ಮೊದಲು ಸಣ್ಣ ಕಹಿ, ಕೊನೆಗೆ ಏಲಕ್ಕಿಯ ನೆನಪು. ಆಗ ಕಣ್ಣಿಗೆ ಬಿತ್ತು: ತುಂಡುಗಳು ಓರೆಯಾಗಿ, ವಜ್ರಾಕಾರದಲ್ಲಿವೆ. ನಾಗವೇಣಿ ಬರ್ಫಿ ಕೊಯ್ಯುವುದೇ ಹಾಗೆ.

ಲೋಕಕ್ಕೆಲ್ಲ ನೀತಿ ಹೇಳುವ ನಾನು ಹೆಂಡತಿಗೆ ಬಹುಮಾನ ಕೊಟ್ಟರೆ ಜನ ಏನೆಂದಾರು? ನನ್ನ ಆತ್ಮಸಾಕ್ಷಿ (ಅದಕ್ಕೆ ಕೆಲಸ ಕಡಿಮೆ, ಗಲಾಟೆ ಜಾಸ್ತಿ) ಪೆನ್ಸಿಲು ಹಿಡಿದು ಆ ತಟ್ಟೆಯ ಮಾರ್ಕನ್ನು ಕಚಕ್ಕನೆ ಕತ್ತರಿಸಿತು. ಚೌಕ ತುಂಡುಗಳಿದ್ದ ನಾಲ್ಕನೆಯದೂ ಚೆನ್ನಾಗಿತ್ತು, ಹುರಿದದ್ದು ಒಂದು ಕೂದಲೆಳೆ ಹೆಚ್ಚು. ಅದಕ್ಕೆ ಪ್ರಥಮ ಸ್ಥಾನ ಕೊಟ್ಟು, ನಿಷ್ಪಕ್ಷಪಾತದ ಮೇಲೆ ಭಾಷಣ ಬಿಗಿದೆ.

ವೆಂಕಟಾಚಲ ಹೆಸರು ಓದಿದರು. "ನಾಲ್ಕನೆಯ ತಟ್ಟೆ, ಪ್ರಥಮ ಬಹುಮಾನ: ನಾಗವೇಣಿಯವರು."

ಸಭೆ ಒಟ್ಟಾಗಿ ಕೆಮ್ಮಿತು. ಮೂರನೆಯದು ಸಾವಿತ್ರಿಯದಂತೆ, ಓರೆ ಕೊಯ್ಯುವುದನ್ನು ನಾಗವೇಣಿಯೇ ಅವಳಿಗೆ ಕಲಿಸಿ, ಗುರುತು ಸಿಗದಿರಲೆಂದು ತನ್ನದನ್ನು ಚೌಕವಾಗಿ ಕೊಯ್ದಿದ್ದಳಂತೆ. ಪಾಪ, ಸಾವಿತ್ರಿ ತಲೆ ತಗ್ಗಿಸಿ ಕೂತಿದ್ದಳು.

ನಾಗವೇಣಿ ವೇದಿಕೆಗೆ ಬಂದವಳು ಬಹುಮಾನದ ಬೆಳ್ಳಿ ಲೋಟ ಮುಟ್ಟಲಿಲ್ಲ. ಎರಡೂ ತಟ್ಟೆಯಿಂದ ಒಂದೊಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಚಪ್ಪರಿಸಿದಳು.

"ಸಾವಿತ್ರಿಯದ್ದು ನನ್ನದಕ್ಕಿಂತ ಮೇಲು. ಇದು ನಿಮ್ಮ ನಾಲಿಗೆಗೆ ಗೊತ್ತಾಗದೆ ಇರುವುದಿಲ್ಲ. ನನ್ನದು ಅಂತ ಗ್ರಹಿಸಿ ಮಾರ್ಕು ಕಡಿದದ್ದಲ್ವಾ?"

ಹೌದೆಂದು ತಲೆ ಆಡಿಸಿದೆ. ಲೋಟ ಸಾವಿತ್ರಿಯ ಕೈ ಸೇರಿತು. ಚಪ್ಪಾಳೆ ನಾಗವೇಣಿಗೆ ಬಿತ್ತು.

ಮನೆಗೆ ನಡೆಯುವಾಗ, "ನ್ಯಾಯವಾಗಿರಲಿ ಅಂತ..." ಎಂದು ತೊಡಗಿದೆ.

"ನನ್ನ ಮಾರ್ಕು ಕಡಿದು ನಿಮ್ಮ ಹೆಸರು ಬೆಳೆಸಿಕೊಳ್ಳುವುದು ನ್ಯಾಯವಾ? ಇನ್ನು ಮನೆಯ ಊಟಕ್ಕೂ ಹೆಸರಿಲ್ಲ. ಬಾಯಲ್ಲಿಟ್ಟುಕೊಂಡು ನಿಜ ಹೇಳಿ."

ಅಂದಿನಿಂದ ಎರಡು ಮನೆಗಳ ನಡುವೆ ಪಾತ್ರೆಗಳು ಗುಟ್ಟಾಗಿ ಓಡಾಡುತ್ತವೆ. ಯಾರ ಪಲ್ಯ, ಯಾರ ಸಾರು, ದೇವರಿಗೇ ಗೊತ್ತು. ಮೊನ್ನೆ ಹುಳಿ ಬಾಯಿಗಿಟ್ಟವನೇ ಯಾವ ಲೆಕ್ಕಾಚಾರವೂ ಇಲ್ಲದೆ, ಮನಸಾರೆ, "ಇಂಥ ಹುಳಿ ನಾನು ಜನ್ಮದಲ್ಲೇ ಉಂಡಿರಲಿಲ್ಲ" ಎಂದೆ.

ಸಾವಿತ್ರಿಯದಂತೆ.

ನಾಗವೇಣಿ ಇನ್ನೂ ಮಾತಾಡಿಲ್ಲ.