ಒಂದು ಫೋಟೋಕ್ಕೆ ನಾಲ್ಕು ಸೆಕೆಂಡ್

ನಡುವೆ ತೂತು, ಮೈಯೆಲ್ಲ ಕನ್ನಡಿ. ತಿರುಗಿದರೆ ಮದುವೆ, ನಿಂತರೆ ತಟ್ಟೆ. ಪೂಜೆ ಮಾಡಿದರೆ ಮುನಿಸಿಕೊಳ್ಳುತ್ತದೆ, ಬನಿಯನ್ನಿನಿಂದ ಒರೆಸಿದರೆ ಹಾಡುತ್ತದೆ. ಹೇಳಿ, ಏನು?

ಡಿವಿಡಿ ಅಂದಿರಾ? ಅರ್ಧ ಮಾರ್ಕು. ಎಲ್ಲ ಡಿವಿಡಿಗಳೂ ಹಾಗಿರುವುದಿಲ್ಲ. ಹಾಗಿದ್ದದ್ದು ಒಂದೇ, ಅದು ಕೊರ್ಲಹಳ್ಳಿಯಲ್ಲಿದೆ, ಅದನ್ನು ಒರೆಸಿದ ಬನಿಯನ್ ನನ್ನದು. ಹೀಗಾಗಿ ಉತ್ತರ ನನಗೊಬ್ಬನಿಗೇ ಗೊತ್ತು. ನಿಮ್ಮ ತಪ್ಪಿಲ್ಲ.

ಇಂಥವು ನಮ್ಮ ಅಂಗಡಿಯಲ್ಲಿ ನಡೆಯುತ್ತಲೇ ಇರುತ್ತವೆ. ನಾನಿದ್ದ ದಿನ ಸ್ವಲ್ಪ ಜಾಸ್ತಿ.

ಅಂಗಡಿ ಮಾಮಾನದು, ಅಂದರೆ ನಮ್ಮವ್ವನ ತಮ್ಮನದು. ಗದಗಿನಲ್ಲಿದೆ. ನಾನು ಬೆಟಗೇರಿಯ ನೇಕಾರನ ಮಗ. ಹತ್ತನೇ ಕ್ಲಾಸಿನಲ್ಲಿ ಫೇಲಾದ ಮೇಲೆ ಅಲ್ಲಿ ಕಂಪ್ಯೂಟರ್ ಮುಂದೆ ಕುಳಿತೆ. ಜನ ಮದುವೆ, ಮುಂಜಿ, ಮನೆ ಒಕ್ಕಲಿನ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಜೋಡಿಸಿ, ಹಾಡು ಹಚ್ಚಿ, ಪೆನ್‌ಡ್ರೈವಿನಲ್ಲಿ ತರುತ್ತಾರೆ. ಮನೆಯ ಟಿವಿ ಕೆಳಗಿನ ಹಳೇ ಪ್ಲೇಯರಿಗೆ ಅದು ತಿಳಿಯುವುದಿಲ್ಲ. ನಾನು ಅದನ್ನು ವಿಡಿಯೋ ಮಾಡಿ ಡಿಸ್ಕಿಗೆ ಏರಿಸಿ ಕೊಡಬೇಕು. ಎಲ್ಲ ಮೊಬೈಲಿನಲ್ಲೇ ಇರುವಾಗ ಡಿಸ್ಕ್ ಯಾರಿಗೆ ಬೇಕು ಅಂತ ಕೇಳಬೇಡಿ. ಮೊಬೈಲು ಹುಡುಗರ ಕೈಯಲ್ಲಿರುತ್ತದೆ, ಟಿವಿ ಹಿರಿಯರ ಕೈಯಲ್ಲಿರುತ್ತದೆ.

ಅಪ್ಪ ಒಂದು ಕರಾರಿನ ಮೇಲೆ ನನ್ನನ್ನು ಅಲ್ಲಿಗೆ ಬಿಟ್ಟಿದ್ದ. ಮಾಮಾ ಸಾಕೆಂದ ದಿನ ನಾನು ತಿರುಗಿ ಶಾಲೆಗೆ. ಈ ವರ್ಷ ನನ್ನ ತಂಗಿಯೂ ಹತ್ತನೇ ಕ್ಲಾಸಿಗೆ ಬಂದಿದ್ದಾಳೆ. ಅದೇ ಶಾಲೆ, ಅದೇ ಕೋಣೆ. ನಾನು ಅಲ್ಲಿಗೆ ಹೋದರೆ ಅವಳು ನನ್ನನ್ನು ಅಣ್ಣಾ ಅನ್ನುವುದಿಲ್ಲ. ಮೊದಲೂ ಅನ್ನುತ್ತಿರಲಿಲ್ಲ, ಆದರೆ ಆಗ ಮನೆಯಲ್ಲಷ್ಟೇ ಅನ್ನುತ್ತಿರಲಿಲ್ಲ.

ಮಾರಿ ಯಾವ ಕಡೆ

ಕೊರ್ಲಹಳ್ಳಿಯ ರೈತರೊಬ್ಬರು ಫೋನ್ ಮಾಡಿ, ಮಗನ ಮದುವೆಯ ಡಿಸ್ಕು ಮೂಕಾಗಿದೆ ಅಂದರು. ಹಾಡೂ ಇಲ್ಲ, ಮದುಮಗನೂ ಇಲ್ಲ. ಮಾಮಾ ನನ್ನ ಮುಖ ನೋಡಿ ಬಸ್ಸಿಗೆ ಹತ್ತಿಸಿದ.

ಹೋಗಿ ಪ್ಲೇಯರಿನ ಬಾಯಿ ತೆರೆಸಿದೆ. ಡಿಸ್ಕು ಹೊರಗೆ ಬಂತು. ಹೊಳೆಯುವ ಮಗ್ಗುಲಿಗೆ ಮೂರು ಬೆರಳಿನ ವಿಭೂತಿ, ಅದರ ಕೆಳಗೆ ಕುಂಕುಮ, ನಡುವಿನ ತೂತಿನಲ್ಲಿ ಮಲ್ಲಿಗೆಯ ಒಂದು ಎಸಳು. ಆ ಮನೆಯ ಅಜ್ಜಿ ಪಕ್ಕದಲ್ಲೇ ಕುಳಿತಿದ್ದಳು. ಮೊಮ್ಮಗನ ಮದುವೆ ಮನೆಗೆ ಬಂದಿದೆ, ಪೂಜೆ ಮಾಡದೆ ಹಚ್ಚಲು ಬರುತ್ತದೇನು ಅಂತ ನನ್ನನ್ನೇ ಕೇಳಿದಳು.

ಪೂಜೆ ಮಾಡಿ ಅಜ್ಜಿ, ಆದರೆ ನಾನು ಹೆಸರು ಬರೆದಿದ್ದೇನಲ್ಲ, ಆ ಮಗ್ಗುಲಿಗೆ ಮಾಡಬೇಕಿತ್ತು ಅಂದೆ.

"ನೀ ಹೆಸರ ಬರದಿರೂ ಕಡೆ ಬೆನ್ನು. ಹೊಳಿಯೋ ಕಡೆ ಮಾರಿ. ಮಾರಿ ಬಿಟ್ಟು ಬೆನ್ನಿಗೆ ಇಬತ್ತಿ ಹಚ್ಚತಾರೇನಲೇ ತಮ್ಮಾ?"

ಬನಿಯನ್ನಿನ ಅಂಚಿನಿಂದ ಒರೆಸಿ ಒಳಗೆ ತಳ್ಳಿದೆ. ಹಾಡು ಬಂತು, ಮದುಮಗನೂ ಬಂದ. ಅಜ್ಜಿಗೆ ಮದುವೆ ಸಿಕ್ಕಿತು, ಪೂಜೆ ಅಳಿಸಿಹೋಯಿತು. ಹಾಗಾದರೆ ಪ್ಲೇಯರಿನ ಪೆಟ್ಟಿಗೆಗಾದರೂ ಹಚ್ಚಲೇ ಅಂದಳು. ಪೆಟ್ಟಿಗೆಗೆ ಅಡ್ಡಿಯಿಲ್ಲ ಅಂತ ಹೇಳಿ, ಚಹಾ ಕುಡಿದು ಬಂದೆ.

ಮರುದಿನ ಮತ್ತೆ ಫೋನು. ಈಗ ರಿಮೋಟಿನ ಮಾತು ಪ್ಲೇಯರ್ ಕೇಳುತ್ತಿಲ್ಲವಂತೆ. ರಿಮೋಟ್ ನೋಡುವ ಕಣ್ಣು ಪ್ಲೇಯರಿನ ಮುಂಭಾಗದಲ್ಲಿ, ನಟ್ಟನಡುವೆ ಇರುತ್ತದೆ. ಪೆಟ್ಟಿಗೆಯ ಹಣೆ ಎಲ್ಲಿದೆ ಅಂತ ಅಜ್ಜಿ ಸರಿಯಾಗಿಯೇ ಹುಡುಕಿದ್ದಳು.

ತಂಗಿಗೆ ಬೆಂಚಿನಲ್ಲಿ ಸ್ವಲ್ಪ ಸರಿದು ಕೂರಲು ಹೇಳು ಅಂದ ಮಾಮಾ.

ಅಳಿಯಂದಿರ ಪಾಲು

ಒಂದು ಫೋಟೋಕ್ಕೆ ನಾಲ್ಕು ಸೆಕೆಂಡ್, ಇದು ನಮ್ಮ ಅಂಗಡಿಯ ಧರ್ಮ. ಮಂತ್ರಿಯಾದರೂ ಅಷ್ಟೇ, ಮದುಮಗಳಾದರೂ ಅಷ್ಟೇ. ಮುಂಡರಗಿಯವರ ಮದುವೆಯೊಂದರಲ್ಲಿ ಫೋಟೋಗಳು ಮುಗಿದರೂ ಹಾಡು ಮುಗಿದಿರಲಿಲ್ಲ. ಒಳ್ಳೆಯ ಕೆಲಸಗಾರ ಹಾಡನ್ನು ಕತ್ತರಿಸುತ್ತಾನೆ. ಆ ಹೊತ್ತಿಗೆ ಎದುರಿನ ಗಾಡಿಯಲ್ಲಿ ಮಿರ್ಚಿ ಭಜಿ ಬಿಟ್ಟಿದ್ದರು. ನಾನು ಎದ್ದು ಹೋದೆ.

ಹೀಗಾಗಿ ಕೊನೆಯ ಫೋಟೋ ಹಾಡು ಮುಗಿಯುವ ತನಕ ಟಿವಿಯಲ್ಲಿ ನಿಂತುಬಿಟ್ಟಿತು. ಅದು ಆ ಮನೆಯ ಕಿರಿಯ ಅಳಿಯನದು. ಪಂಕ್ತಿಯಲ್ಲಿ ಕುಳಿತಿದ್ದಾನೆ, ಬಾಯಿ ಪೂರ್ತಿ ತೆರೆದಿದ್ದಾನೆ, ಹೋಳಿಗೆ ಅರ್ಧ ಒಳಗೆ, ಅರ್ಧ ಹೊರಗೆ. ಹಾಡಿನಲ್ಲಿ ತವರಿನ ನೆನಪಾಗಿ ಮದುಮಗಳು ಅಳುತ್ತಿದ್ದಾಳೆ.

ವಾರದೊಳಗೆ ಹಿರಿಯ ಅಳಿಯ ಅಂಗಡಿಗೆ ಬಂದರು. ಷಡ್ಡಕನ ಮಾನ ಕಾಯಲು ಬಂದಿದ್ದಾರೆ ಅಂದುಕೊಂಡು ನಾನು ಮೊದಲೇ ತಪ್ಪಾಯಿತು ಅಂದೆ, ಈಗಲೇ ಕತ್ತರಿಸಿ ಕೊಡುತ್ತೇನೆ ಅಂದೆ.

"ಕತ್ತರಸಬ್ಯಾಡ. ಕತ್ತರಸಿದ್ರ ಮನ್ಯಾಗ ಜಗಳಾ ಆಕ್ಕೈತಿ. ನಾನು ಹಿರಿ ಅಳಿಯಾ. ಕಣ್ಣ ಮುಚ್ಚಿ ತಗಿಯೂದ್ರಾಗ ಹೊಕ್ಕೇನಿ. ಅಂವಾ ಇಡೀ ಹಾಡು ಕುಂತಾನ. ನನಗೂ ಅಷ್ಟಽ ಹಚ್ಚು. ಊಟದ್ದಽ ಬೇಕು."

ಅವರದು ಊಟದ ಫೋಟೋ ಇರಲಿಲ್ಲ. ಆ ದಿನ ಬಡಿಸಲು ನಿಂತಿದ್ದರಂತೆ, ಅದನ್ನೂ ಯಾರೂ ತೆಗೆದಿಲ್ಲವಂತೆ. ಮಾಮಾ ಒಂದು ನಿಮಿಷ ಯೋಚಿಸಿ, ಎದುರಿನ ಗಾಡಿಯಿಂದ ಭಜಿ ತರಿಸಿದ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಬಾಯಿ ತೆರೆಸಿ, ಫೋಟೋ ಹೊಡೆದೆವು. ಇನ್ನೂ ದೊಡ್ಡದು ತೆರೆಯಲೇ ಅಂತ ಅವರೇ ಕೇಳಿದರು.

ಈಗ ಆ ಡಿಸ್ಕಿನಲ್ಲಿ ಇಬ್ಬರೂ ಅಳಿಯಂದಿರು ಸಮಸಮ ಹೊತ್ತು, ಸಮಸಮ ಬಾಯಿ ತೆರೆದಿದ್ದಾರೆ. ಹಿರಿಯರ ಹಿಂದೆ ಮಾತ್ರ ಮದುವೆಯ ಹಂದರ ಇಲ್ಲ. 'ಇಲ್ಲಿ ಜೆರಾಕ್ಸ್ ಮಾಡಿಕೊಡಲಾಗುವುದು' ಅಂತ ಇದೆ.

ಮಾಸ್ತರು ಹಿಂದೆ ನೋಡಲಿಲ್ಲ

ಶಿರಹಟ್ಟಿ ಕಡೆಯ ಮಾಸ್ತರೊಬ್ಬರು ತಮ್ಮ ಶಾಲೆಯ ಫೋಟೋಗಳನ್ನು ತಾವೇ ಜೋಡಿಸಿದ್ದರು. ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ದಿನ ಟಿವಿ ಮುಂದೆ ನಿಂತು ಒಂದೊಂದರ ಬಗ್ಗೆ ಮಾತಾಡುವ ವಿಚಾರ. ಕಂಪ್ಯೂಟರಿನಲ್ಲಾದರೆ ಅವರು ಗುಂಡಿ ಒತ್ತಿದಾಗಷ್ಟೇ ಫೋಟೋ ಮುಂದೆ ಹೋಗುತ್ತಿತ್ತು. ಶಾಲೆಯಲ್ಲಿ ಇದ್ದದ್ದು ಡಿವಿಡಿ ಪ್ಲೇಯರು. ಡಿಸ್ಕು ಯಾರಿಗೂ ಕಾಯುವುದಿಲ್ಲ, ಭಾಷಣಕ್ಕೆ ನಾಲ್ಕು ಸೆಕೆಂಡ್ ಸಾಲದು, ಒಂದಕ್ಕೆ ಎಷ್ಟು ಹೊತ್ತು ಇಡಲಿ ಅಂತ ಕೇಳಿದೆ. ಅವರು ಅಂಗಡಿಯಲ್ಲೇ ಎದ್ದು ನಿಂತು ಭಾಷಣ ಮಾಡಿ ತೋರಿಸಿದರು. ನಾನು ಅದಕ್ಕೆ ಸರಿಯಾಗಿ ಇಟ್ಟೆ.

ಅಂಗಡಿಯಲ್ಲಿ ಮಾಡಿದ ಭಾಷಣದಲ್ಲಿ 'ವೇದಿಕೆಯ ಮೇಲಿರುವ' ಅನ್ನುವವರು ಯಾರೂ ಇರಲಿಲ್ಲ. ಡಿಸ್ಕು ಹಚ್ಚಲು ನಾನೂ ಹೋಗಿದ್ದ ಗ್ಯಾದರಿಂಗಿನಲ್ಲಿ ಇದ್ದರು, ಬಹಳ ಮಂದಿ ಇದ್ದರು. ಮಾಸ್ತರು ಅವರೆಲ್ಲರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಡಿಸ್ಕು ಒಂದು ಫೋಟೋ ಮುಂದೆ ಹೋಗಿತ್ತು. ಮಾಸ್ತರು ಭಾಷಣವನ್ನು ಬಾಯಿಪಾಠ ಮಾಡಿದ್ದರು. ಹಿಂದೆ ತಿರುಗಿ ನೋಡುವ ಪ್ರಸಂಗವೇ ಬರಲಿಲ್ಲ.

ಟಿವಿ ತುಂಬ ಅತಿಥಿಗಳ ಫೋಟೋ ಬಂದಾಗ ಮಾಸ್ತರು ಹೊಸ ಪಾಯಖಾನೆಗೆ ಬಂದಿದ್ದರು. ಅತಿಥಿಗಳು ವೇದಿಕೆಯ ಮುಂದಿನ ಸಾಲಿನಲ್ಲೇ ಕುಳಿತು, ಶಾಲು ಸರಿಮಾಡಿಕೊಂಡು ಕೇಳುತ್ತಿದ್ದರು.

"ಇದು ನಮಗ ಬೇಕಂತ ಭಾಳ ವರ್ಷ ಅರ್ಜಿ ಕೊಟ್ಟಿದ್ದಿವಿ. ಮೊದಲ ಬಯಲಿಗೆ ಹೋಗತಿದ್ದ ಹುಡುಗರು ಈಗ ಇಲ್ಲೇ ಬರತಾರ. ದಿನಾ ಮುಂಜಾನೆ ನೀರ ಹಾಕಿ, ಕಸಬರಿಗಿಲೆ ತಿಕ್ಕಿ ತೊಳಿತೇವಿ."

ಅತಿಥಿಗಳು ಎದ್ದು ನಿಂತು ಕೈಮುಗಿದರು. ಹುಡುಗರು ಚಪ್ಪಾಳೆ ಹೊಡೆದರು. ಆಮೇಲೆ ಪಾಯಖಾನೆಯದೇ ಇನ್ನೊಂದು, ಒಳಗಿನ ಫೋಟೋ ಬಂತು. ಅತಿಥಿಗಳ ಮಾತಿಗೆ ಬಂದಿದ್ದ ಮಾಸ್ತರು, ಇಂಥವರ ಋಣ ತೀರಿಸುವುದು ಹೇಗೆ ಅಂತ ಗದ್ಗದಿತರಾದರು.

ಈ ಸುದ್ದಿ ಅಂಗಡಿಗೆ ನನಗಿಂತ ಮೊದಲೇ ಮುಟ್ಟಿತ್ತು. ಮಾಮಾ ಸಿಟ್ಟಾಗಲಿಲ್ಲ. ಇನ್ನೊಂದು ತಕರಾರು ಬಂದರೆ ಅಪ್ಪನಿಗೆ ಫೋನ್ ಮಾಡುವುದಾಗಿ ತಣ್ಣಗೆ ಹೇಳಿದ. ಮುಂದಿನ ತಕರಾರು ತಂದವನು ಅಪ್ಪನೇ ಆದ್ದರಿಂದ ಆ ಫೋನಿನ ಖರ್ಚು ಉಳಿಯಿತು.

ನಿಂತಾಗ ಇದ್ದ ಸೀರೆ

ಲಕ್ಷ್ಮೇಶ್ವರದ ಸಾವಕಾರರೊಬ್ಬರು ಅಪ್ಪನ ಹತ್ತಿರ ಮಾರಲು ಸೀರೆ ಒಯ್ಯುತ್ತಿದ್ದರು. ಮೊಣಕಾಲು ನೋವು ಶುರುವಾಗಿ ಬೆಟಗೇರಿಗೆ ಬರುವುದು ಬಿಟ್ಟರು. ಫೋಟೋ ತೆಗೆಸಿ ಒಂದು ಡಿಸ್ಕ್ ಮಾಡಿಸಿ ಕಳಿಸು, ಮನೆಯ ಹೆಣ್ಣುಮಕ್ಕಳ ಜೊತೆ ಟಿವಿಯಲ್ಲಿ ನೋಡಿ ಆರಿಸುತ್ತೇನೆ ಅಂತ ಹೇಳಿ ಕಳಿಸಿದರು. ಅಪ್ಪ ಅಂಗಳದಲ್ಲಿ ಹಗ್ಗ ಕಟ್ಟಿ ಸೀರೆ ಇಳಿಬಿಟ್ಟ. ನಾನು ಫೋಟೋ ತೆಗೆದೆ. ಹಾಡು ಹಚ್ಚು, ಬೇರೆ ಆಟ ಆಡಬೇಡ ಅಂತ ಅಪ್ಪ ಕೈ ಮಾಡಿ ಹೇಳಿದ್ದ.

ನಾನು ಒಂದೇ ಆಟ ಆಡಿದೆ. ಒಂದು ಫೋಟೋ ಹೋಗಿ ಇನ್ನೊಂದು ಬರುವಾಗ ಸುಮ್ಮನೆ ಬಂದರೆ ಬೇಸರ. ಚದುರಂಗದ ಮನೆಗಳ ಹಾಗೆ, ಹಳೆಯ ಫೋಟೋ ಚೌಕ ಚೌಕವಾಗಿ ಅಳಿಯುತ್ತ, ಆ ಚೌಕಗಳಲ್ಲಿ ಹೊಸದು ಮೂಡುತ್ತ ಬರಲಿ ಅಂತ ಇಟ್ಟೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ.

ಎರಡು ದಿನಕ್ಕೆ ಸಾವಕಾರರ ಫೋನು ಅಪ್ಪನಿಗೆ. ಬೇರೆ ಯಾವುದೂ ಬೇಡ, ಆ ಕೆಂಪು ಹಸಿರು ಚೌಕಡಿಯ ಸೀರೆ ಬೇಕು, ಎಷ್ಟಿದ್ದರೂ ಬೇಕು. ಅಪ್ಪನ ಹತ್ತಿರ ಕೆಂಪು ಸೀರೆ ಇತ್ತು, ಹಸಿರು ಇತ್ತು. ಚೌಕಡಿ ಇರಲಿಲ್ಲ. ಇಲ್ಲ ಅಂದರೆ ಸಾವಕಾರರು ಕೇಳಲಿಲ್ಲ. ಟಿವಿಯಲ್ಲಿ ನಿಲ್ಲಿಸಿ ಇಟ್ಟಿದ್ದೇನೆ, ಬಂದು ನೋಡು ಅಂದರು. ಅಪ್ಪ ಅಂಗಡಿಗೆ ಬಂದು ಮಾಮಾನ ಎದುರಿಗೇ ನನ್ನ ರಟ್ಟೆ ಹಿಡಿದು ಲಕ್ಷ್ಮೇಶ್ವರದ ಬಸ್ಸು ಹತ್ತಿಸಿದ. ದಾರಿಯುದ್ದಕ್ಕೂ ಕಿಟಕಿಯಿಂದ ನನಗೆ ಶಾಲೆಗಳಷ್ಟೇ ಕಂಡವು.

ಸಾವಕಾರರ ಮನೆಯಲ್ಲಿ ಟಿವಿ ಹಿಂದಿನ ದಿನದಿಂದ ನಿಂತೇ ಇತ್ತು. ರಿಮೋಟು ಅವರ ತೊಡೆಯ ಕೆಳಗಿತ್ತು. ಹಿಂದಿನ ಸಂಜೆಯ ಧಾರಾವಾಹಿಯನ್ನೂ ಈ ಸೀರೆ ನೋಡಲು ಬಿಡಲಿಲ್ಲ ಅಂತ ಸೊಸೆ ಒಳಗಿನಿಂದಲೇ ಕೇಳುವ ಹಾಗೆ ಹೇಳಿದಳು. ಪರದೆಯ ಮೇಲೆ ಅರ್ಧ ಕೆಂಪು, ಅರ್ಧ ಹಸಿರು, ನಡುವೆ ಚೌಕ. ಖರೆ ಹೇಳಬೇಕೆಂದರೆ ಚೆಂದ ಇತ್ತು.

ಅಪ್ಪ ಕನ್ನಡಕ ಒರೆಸಿ, ಟಿವಿಯ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕುಳಿತ. ಬೆರಳಿನಿಂದ ಗಾಜು ಮುಟ್ಟಿ ನೋಡಿದ. ಆಮೇಲೆ ನಿಧಾನವಾಗಿ ತಿರುಗಿ ನನ್ನನ್ನು ನೋಡಿದ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವಾಗ ಅಂತ ನೋಡುತ್ತಿದ್ದೆ.

"ಸಾವಕಾರ್ರ, ಸೆರಗು ಹೆಂಗೈತಿ ನೋಡೂಣು. ಸ್ವಲ್ಪ ಮುಂದ ಬಿಡ್ರಿ," ಅಂದ ಅಪ್ಪ.

ಸಾವಕಾರರು ಗುಂಡಿ ಒತ್ತಿದರು. ಹಸಿರು ಸೀರೆ ಬಂತು. ಹಿಂದೆ ಬಿಟ್ಟರು, ಕೆಂಪು ಸೀರೆ ಬಂತು. ಮತ್ತೆ ಮುಂದೆ, ಮತ್ತೆ ಹಸಿರು. ಅಷ್ಟರಲ್ಲಿ ಮನೆಯವರೆಲ್ಲ ಹೊರಗೆ ಬಂದು ನಿಂತಿದ್ದರು. ಈಗ ಒತ್ತಿ ಅಂತ ಸೊಸೆ, ಇನ್ನೂ ಬಂದಿಲ್ಲ ಅಂತ ಮಗ, ದಾಟಿಹೋಯಿತು ಅಂತ ಮೊಮ್ಮಗಳು. ಸಾವಕಾರರ ಬೆರಳು ಒಮ್ಮೆ ಮೊದಲಾಗುತ್ತಿತ್ತು, ಒಮ್ಮೆ ತಡವಾಗುತ್ತಿತ್ತು. ಮೊದಲ ಸಲ ಹೇಗೆ ನಿಂತಿತ್ತೋ ದೇವರಿಗೇ ಗೊತ್ತು. ಕೊನೆಗೆ ರಿಮೋಟು ಕೆಳಗಿಟ್ಟು ಅಪ್ಪನನ್ನು ಕೇಳಿದರು.

"ಇಷ್ಟೊತ್ತನಕ ಇಲ್ಲೇ ಇತ್ತಲ್ಲೋ. ಎಲ್ಲಿ ಹೋತು?"

ಅಪ್ಪ ನನ್ನ ಕಡೆ ಕೈ ತೋರಿಸಿದ. ಎಲ್ಲರೂ ನನ್ನನ್ನೇ ನೋಡಿದರು. ಏನಾದರೂ ಹೇಳಲೇಬೇಕಿತ್ತು.

"ಮಾರಾಟ ಆತ್ರಿ," ಅಂದೆ.

ಸಾವಕಾರರು ಮೊಣಕಾಲು ನೋವು ಮರೆತು ಎದ್ದು ನಿಂತು ನಕ್ಕರು. ಆ ಸೀರೆ ನೇದು ಕೊಡು ಅಂತ ಅಪ್ಪನ ಕೈ ಹಿಡಿದರು. ಅಪ್ಪ ನೇದ. ಇವತ್ತು ಲಕ್ಷ್ಮೇಶ್ವರದಲ್ಲಿ ಯಾವ ಮದುವೆಗೆ ಹೋದರೂ ಆ ಚೌಕಡಿ ಕಾಣುತ್ತದೆ. ಮಾಮಾ ನನಗೆ ಗಾಲಿ ಇರುವ ಕುರ್ಚಿ ತಂದುಕೊಟ್ಟ. ತಂಗಿ ಅಣ್ಣಾ ಅಂದಳು.

ಮಾರಾಟ ಆತ್ರಿ ಅನ್ನುವ ತನಕ ಎಲ್ಲ ಖರೆ. ಅದರ ಮುಂದಿನದನ್ನು ನಾನು ಕಟ್ಟಿದೆ. ಕಟ್ಟಲು ಹೊತ್ತು ಬಹಳ ಇದೆ, ಯಾಕೆಂದರೆ ಗದಗಿನಲ್ಲಿ ಇಳಿದ ಅಪ್ಪ ನನ್ನನ್ನು ಮನೆಗೆ ಕರೆದೊಯ್ಯಲಿಲ್ಲ, ನೇರ ಇಲ್ಲಿಗೆ ತಂದು ಬಿಟ್ಟ. ಕೊನೆಯ ಬೆಂಚಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ತಂಗಿ ಕ್ಲಾಸಿನ ಮಾನಿಟರು. ಮಾತಾಡುವವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾಳೆ. ಸದ್ಯಕ್ಕೆ ನನ್ನದೊಂದೇ ಇದೆ. ನಾನು ಇನ್ನೂ ಬಾಯಿಯೇ ಬಿಟ್ಟಿಲ್ಲ ಅಂತ ಸನ್ನೆ ಮಾಡಿದೆ. ಬಿಡುತ್ತೀ, ಗೊತ್ತಿದೆ ಅಂತ ಅವಳೂ ಸನ್ನೆಯಲ್ಲೇ ಹೇಳಿದಳು.